ಗಣಕಯಂತ್ರಕ್ಕೆ ಕೆಲಸ ಹೇಳುವ ವಿದ್ಯೆ: ಮಕ್ಕಳು ಮಾಡಿ ಕಲಿಯಲಿ

ಮಕ್ಕಳಿಗೆ 'ಕೋಡಿಂಗ್' ಕಲಿಸಬೇಕೆಂಬ ಮಾತು ಈಗ ಬೆಳೆಗಾರರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಸಾವಿರಾರು ರೂಪಾಯಿ ಶುಲ್ಕ ಕೇಳುವ ತರಗತಿಗಳೂ ಇವೆ. ಅಡಿಕೆ, ಕಾಫಿ ಮಾರಿದ ಹಣವನ್ನು ಅಲ್ಲಿಗೆ ಕಟ್ಟುವ ಮುನ್ನ ಈ ವಿದ್ಯೆ ಎಂಥದು, ಅದನ್ನು ಹೇಗೆ ಕಲಿತರೆ ದಕ್ಕುತ್ತದೆ ಎಂಬುದನ್ನು ಸದಸ್ಯ ಬಂಧುಗಳು ತಿಳಿದಿರುವುದು ಒಳ್ಳೆಯದು.

ಕೋಡಿಂಗ್ ಎಂದರೆ ಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ಹಂತ ಹಂತವಾಗಿ ಬರೆದು ಹೇಳುವುದು. ತೋಟಕ್ಕೆ ಬಂದ ಹೊಸ ಆಳಿಗೆ ಅರ್ಧ ಹೇಳಿದರೆ ಉಳಿದರ್ಧವನ್ನು ಆತನೇ ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಊಹೆ ಇಲ್ಲ. ಹೇಳಿದಷ್ಟನ್ನೇ, ಹೇಳಿದ ಕ್ರಮದಲ್ಲಿಯೇ ಮಾಡುತ್ತದೆ.

ಗೆರೆ ಎಳೆಯುವ ಆಮೆ

ಮಕ್ಕಳಿಗೆ ಇದನ್ನು ಕಲಿಸುವ ದಾರಿಯನ್ನು ಮೊದಲು ತೋರಿಸಿದವರಲ್ಲಿ ಸೀಮೋರ್ ಪ್ಯಾಪರ್ಟ್ ಮುಖ್ಯರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ಗಣಿತಜ್ಞರು, ವಾಲಿ ಫಾಯರ್‌ಟ್ಸೈಗ್ ಮತ್ತು ಸಿಂಥಿಯಾ ಸಾಲಮನ್ ಅವರೊಡನೆ 1967ರಲ್ಲಿ 'ಲೋಗೋ' ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಇದಕ್ಕೆ 'ಆಮೆ' ಎಂದು ಕರೆಯುವ ಪುಟ್ಟ ಯಂತ್ರವೊಂದು ಜೊತೆಯಾಯಿತು. ಮಗು ಆಜ್ಞೆ ಬರೆದರೆ ಆಮೆ ನೆಲದ ಮೇಲೆ ಸರಿದು ಗೆರೆ ಎಳೆಯುತ್ತಿತ್ತು.

'100 ಹೆಜ್ಜೆ ಮುಂದೆ ಹೋಗು, 144 ಡಿಗ್ರಿ ಬಲಕ್ಕೆ ತಿರುಗು. ಇದನ್ನು 5 ಸಲ ಮಾಡು' ಎಂದರೆ ಐದು ಮೂಲೆಯ ನಕ್ಷತ್ರ ಸಿದ್ಧ. 144ರ ಬದಲು 140 ಎಂದರೆ ಗೆರೆಯ ತುದಿಗಳು ಕೂಡುವುದೇ ಇಲ್ಲ. ಏಕೆ ಕೂಡಲಿಲ್ಲವೆಂದು ಮಗು ಯೋಚಿಸತೊಡಗಿದಾಗಲೇ ನಿಜವಾದ ಕಲಿಕೆ ಆರಂಭವಾಗುತ್ತದೆ ಎಂಬುದು ಪ್ಯಾಪರ್ಟರ ನಿಲುವು. ತಪ್ಪನ್ನು ಹುಡುಕಿ ತಿದ್ದುವುದೇ ಈ ವಿದ್ಯೆಯ ತಿರುಳು.

ನಮ್ಮ ಅಂಗಳದ ಚುಕ್ಕಿ ರಂಗೋಲಿಯೂ ಇಂಥದೇ ಲೆಕ್ಕ. ಇಷ್ಟು ಚುಕ್ಕಿ, ಇಂತಿಷ್ಟು ಸಾಲು, ಈ ಸುತ್ತು ಮತ್ತೆ ಮತ್ತೆ ಎಂಬ ನಿಯಮ ಅದರಲ್ಲಿದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳುನಾಡಿನ ಕೋಲಂ ಚಿತ್ರಗಳ ಈ ನಿಯಮಗಳನ್ನು ಗಣಕ ವಿಜ್ಞಾನದ ವ್ಯಾಕರಣವಾಗಿ ಬರೆದು 1974ರಲ್ಲಿ ಪ್ರಕಟಿಸಿದರು. ರಂಗೋಲಿ ಬಲ್ಲ ಹುಡುಗಿಗೆ ಈ ವಿದ್ಯೆಯ ಅರ್ಧ ದಾರಿ ಆಗಲೇ ಪರಿಚಯವಿದೆಯೆನ್ನಬಹುದು.

ಕೈಗೆಟಕುವ ಹಲಗೆ

ಪರದೆಯ ಮೇಲಿನ ಆಜ್ಞೆಯಿಂದ ಹೊರಗಿನ ದೀಪ, ಗಂಟೆ, ಮೋಟಾರುಗಳನ್ನು ನಡೆಸುವುದು ಬಹುಕಾಲ ಇಂಜಿನಿಯರುಗಳ ಕೆಲಸವಾಗಿತ್ತು. 2001ರಲ್ಲಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಎಂಬುವರು ಕಲಾವಿದರಿಗೆಂದೇ 'ಪ್ರೊಸೆಸಿಂಗ್' ಎಂಬ ಸುಲಭ ಸಾಧನವನ್ನು ತಂದರು. ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಸಂಸ್ಥೆಯಲ್ಲಿ ಎರ್ನಾಂಡೊ ಬರಗಾನ್ ಎಂಬ ಕೊಲಂಬಿಯದ ವಿದ್ಯಾರ್ಥಿ ಅದೇ ಸರಳತೆಯನ್ನು ವಿದ್ಯುತ್ ಹಲಗೆಗೆ ತಂದರು. 2005ರಲ್ಲಿ ಅಲ್ಲಿಯೇ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರಿಂದ 'ಆರ್ಡುಯಿನೋ' ಹಲಗೆ ಹೊರಬಂತು. ಅದರ ನಕ್ಷೆಯನ್ನು ಗುಟ್ಟಾಗಿ ಇಡದೆ ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಅದೇ ಮಾದರಿಯ ಹಲಗೆಗಳು ಇಂದು ನಮ್ಮಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುತ್ತವೆ. ಆಜ್ಞೆ ಬರೆಯುವ ತಂತ್ರಾಂಶಕ್ಕೆ ಬೆಲೆಯಿಲ್ಲ.

ಕಣಕ್ಕೊಂದು ಮಳೆಗಂಟೆ

ಇದರಿಂದ ಏನು ಮಾಡಬಹುದೆಂಬುದಕ್ಕೆ ನಮ್ಮದೇ ಉದಾಹರಣೆ ನೋಡೋಣ. ಅಡಿಕೆ, ಚೆರಿ ಕಾಫಿ ಕಣದಲ್ಲಿ ಹರಡಿರುವಾಗ ಅಕಾಲ ಮಳೆ ಬಂದರೆ ಮಾಲು ಬೂಸಲು ಹಿಡಿದು ಬೆಲೆ ಇಳಿಯುತ್ತದೆ. ಮಳೆಹನಿ ಗುರುತಿಸುವ ಚಿಕ್ಕ ಫಲಕವೊಂದು ಅಗ್ಗದಲ್ಲಿ ಸಿಗುತ್ತದೆ. ಅದರ ಮೇಲೆ ಒಂದಕ್ಕೊಂದು ತಾಗದ ಎರಡು ಲೋಹದ ಗೆರೆಗಳಿರುತ್ತವೆ. ಹನಿ ಬಿದ್ದು ಗೆರೆಗಳನ್ನು ಕೂಡಿಸಿದರೆ ಅಲ್ಪ ವಿದ್ಯುತ್ ಹರಿಯುತ್ತದೆ. ಆರ್ಡುಯಿನೋ ಉನೊ ಹಲಗೆ ಇದನ್ನು 0ಯಿಂದ 1023ರ ವರೆಗಿನ ಅಂಕಿಯಾಗಿ ಓದುತ್ತದೆ. ಸಾಮಾನ್ಯವಾಗಿ ಸಿಗುವ ಫಲಕಗಳಲ್ಲಿ ಒಣಗಿದ್ದಾಗ ಅಂಕಿ ದೊಡ್ಡದು, ಒದ್ದೆಯಾದಾಗ ಚಿಕ್ಕದು. ಅಂಕಿ ಗೊತ್ತುಪಡಿಸಿದ ಮಿತಿಗಿಂತ ಇಳಿದರೆ ಗಂಟೆ ಬಾರಿಸು ಎಂದು ಬರೆದರೆ ಸಾಕು.

ಕೆಲಸ ಇಲ್ಲಿಗೇ ಮುಗಿಯುವುದಿಲ್ಲ. ಬೆಳಗಿನ ಇಬ್ಬನಿಗೂ ಗಂಟೆ ಬಾರಿಸಬಹುದು. ಆಗ ಮಿತಿಯ ಅಂಕಿಯನ್ನು ಬದಲಿಸಿ, ಮತ್ತೆ ಮತ್ತೆ ಪರೀಕ್ಷಿಸಬೇಕು. ಒದ್ದೆಯಲ್ಲಿ ಸದಾ ವಿದ್ಯುತ್ ಹರಿದರೆ ಲೋಹ ಬೇಗ ಸವೆದುಹೋಗುತ್ತದೆ. ಆದ್ದರಿಂದ ಅಂಕಿ ಓದುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಕೊಡುವಂತೆ ಆಜ್ಞೆ ತಿದ್ದಬೇಕು. ಒಂದೇ ಸಮನೆ ಕಿರುಚುವ ಸದ್ದಿನ ಬದಲು ಚೆಂಡೆಯ ಪೆಟ್ಟಿನಂತಹ ಲಯವನ್ನೂ ಕೂರಿಸಬಹುದು. ಹೀಗೆ ಒಂದು ಮಳೆಗಂಟೆಯಲ್ಲಿ ತಂತ್ರಾಂಶ, ಯಂತ್ರ, ಕಲೆ ಮೂರೂ ಕೂಡುತ್ತವೆ. ಹೊಲಿಗೆ ಬಲ್ಲವರಿಗಾಗಿ ವಿದ್ಯುತ್ ಹರಿಯುವ ದಾರದಿಂದ ಬಟ್ಟೆಗೆ ಹೊಲಿಯಬಹುದಾದ 'ಲಿಲಿಪ್ಯಾಡ್' ಎಂಬ ಹಲಗೆಯೂ 2007ರಲ್ಲಿ ಬಂದಿದೆ. ಲಿಯಾ ಬ್ಯೂಕ್ಲಿ ಅದನ್ನು ರೂಪಿಸಿದವರು.

ಎಚ್ಚರದ ಮಾತು

ಈ ಹಲಗೆ ಕೇವಲ 5 ವೋಲ್ಟಿನದು. ಮಕ್ಕಳು ಬ್ಯಾಟರಿಯಲ್ಲಿಯೇ ಪ್ರಯೋಗ ಮಾಡಲಿ. ಮನೆಯ 230 ವೋಲ್ಟಿನ ತಂತಿಗಾಗಲೀ, ಪಂಪುಸೆಟ್ಟಿನ ಸ್ಟಾರ್ಟರಿಗಾಗಲೀ ಇದನ್ನು ಜೋಡಿಸಲು ಹೋಗಬಾರದು. ಅದು ಬಲ್ಲ ಎಲೆಕ್ಟ್ರಿಷಿಯನ್ನರ ಕೆಲಸ. ಅಲ್ಲದೆ ಮಳೆಗಂಟೆ ಇದೆಯೆಂದು ಮೋಡ ನೋಡುವುದನ್ನು ಬಿಡುವಂತಿಲ್ಲ. ಹನಿ ಬಿದ್ದ ಮೇಲೆಯೇ ಅದು ಕೂಗುವುದು. ಟಾರ್ಪಾಲು ಹತ್ತಿರವೇ ಇರಬೇಕು.

ಶುಲ್ಕ ಕಟ್ಟುವ ಮುನ್ನ ಮಗುವಿನ ಶಾಲೆಯಲ್ಲಿ ವಿಚಾರಿಸಿರಿ. 2016ರಲ್ಲಿ ಕೇಂದ್ರದ ನೀತಿ ಆಯೋಗ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ದೇಶದ ಸುಮಾರು 10,000 ಶಾಲೆಗಳಲ್ಲಿ, 6ರಿಂದ 12ನೆಯ ತರಗತಿಯವರಿಗಾಗಿ ಸ್ಥಾಪನೆಯಾಗಿವೆ. ಖಾಸಗಿ ತರಗತಿಗೇ ಸೇರಿಸುವುದಾದರೆ ಒಂದು ಪ್ರಶ್ನೆ ಕೇಳಿರಿ: 'ಮಗು ಕೊನೆಗೆ ತನ್ನದೇ ಆದ ಯಾವ ವಸ್ತುವನ್ನು ಮಾಡಿ ಮನೆಗೆ ತರುತ್ತದೆ?' ಪ್ರಮಾಣಪತ್ರ ಮಾತ್ರ ಎಂದು ಉತ್ತರ ಬಂದರೆ ಹಣ ಉಳಿಸುವುದೇ ಲೇಸು. ಕತ್ತಿ ಹಿಡಿಯದೆ ಕಪಾತು ಕಲಿತವರಿಲ್ಲ. ಈ ವಿದ್ಯೆಯೂ ಹಾಗೆಯೇ.