ಕಾಯ್ದೆಯಲ್ಲಿ ಹುಟ್ಟುವ ವಿಶ್ವವಿದ್ಯಾಲಯ

ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಕಟ್ಟಡ, ಗ್ರಂಥಾಲಯಗಳಿಗಿಂತ ಮೊದಲು ಕಾಯ್ದೆಯ ಹಾಳೆಯ ಮೇಲೆ ಹುಟ್ಟುತ್ತದೆ. ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ಅಧಿಕಾರವನ್ನು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿ ಶಾಸನಸಭೆಗೆ ಕೊಟ್ಟಿದೆ. ಹಾಗೆ ಶಾಸನಬದ್ಧವಾಗಿ ಹುಟ್ಟಿದ ಸಂಸ್ಥೆಗೆ ಪದವಿ ನೀಡುವ ಹಕ್ಕನ್ನು 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಾಯ್ದೆ ಮಾನ್ಯ ಮಾಡುತ್ತದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆಂದೇ ಮೈಸೂರು ಸಂಸ್ಥಾನ ಪ್ರತ್ಯೇಕ ಶಾಸನ ಮಾಡಿತ್ತು; ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತನ್ನದೇ ಕಾಯ್ದೆಯಿದೆ. ಆದರೆ ಕರ್ನಾಟಕದ ಬಹುತೇಕ ಸಾಮಾನ್ಯ ವಿಶ್ವವಿದ್ಯಾಲಯಗಳು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ. ಇದರ 3ನೆಯ ಪ್ರಕರಣ ಪ್ರತಿಯೊಂದು ವಿಶ್ವವಿದ್ಯಾಲಯದ ಹೆಸರು, ಕೇಂದ್ರಸ್ಥಾನ, ವ್ಯಾಪ್ತಿಗೆ ಸೇರಿದ ಜಿಲ್ಲೆಗಳನ್ನು ಹೇಳುವುದರಿಂದ ಹೊಸದೊಂದನ್ನು ಸ್ಥಾಪಿಸಲು ಈ ಪಟ್ಟಿಯನ್ನು ತಿದ್ದಿದರೆ ಸಾಕು. 2022ರ ತಿದ್ದುಪಡಿ ಹೀಗೆಯೇ ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ, ಬಾಗಲಕೋಟೆ ಎಂಬ ಏಳನ್ನು ಸೇರಿಸಿತು. ಹಾವೇರಿಯ ಕಾಲೇಜುಗಳು ಧಾರವಾಡದ, ಕೊಡಗಿನವು ಮಂಗಳೂರಿನ ಸಂಯೋಜನೆಯಿಂದ ಹೊರಬಂದವು.

ಹುಟ್ಟಿದ ಸಂಸ್ಥೆಯನ್ನು ಕಾಯ್ದೆ ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯಂತೆ ಪರಿಗಣಿಸುವುದರಿಂದ ಅದು ಆಸ್ತಿ ಹೊಂದಬಹುದು, ದಾವೆ ಹೂಡಬಹುದು, ಅದರ ಮೇಲೂ ದಾವೆ ಹೂಡಬಹುದು. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಆಡಳಿತದ ನಿರ್ಧಾರಗಳು ಸಿಂಡಿಕೇಟಿನವು, ಪಾಠ ಹಾಗೂ ಪರೀಕ್ಷೆಯ ಮಟ್ಟ ಕಾಯುವ ಹೊಣೆ ವಿದ್ಯಾವಿಷಯಕ ಪರಿಷತ್ತಿನದು. ಆದರೂ ಎಲ್ಲರ ಕಣ್ಣು ನೆಡುವುದು ಕುಲಪತಿಯ ನೇಮಕದ ಮೇಲೆ. ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ತಲಾ ಒಬ್ಬರನ್ನು ಸೂಚಿಸಿದ ಶೋಧನಾ ಸಮಿತಿ ಮೂರು ಹೆಸರುಗಳನ್ನು ಕೊಡುತ್ತದೆ. ಅವುಗಳಲ್ಲೊಂದನ್ನು ಕುಲಾಧಿಪತಿಗಳು ಆರಿಸುವುದು ರಾಜ್ಯ ಸರ್ಕಾರದ ಸಹಮತಿಯೊಂದಿಗೆ. ರಾಜಭವನಕ್ಕೂ ವಿಧಾನಸೌಧಕ್ಕೂ ಹೊಂದಾಣಿಕೆಯಿಲ್ಲದ ದಿನಗಳಲ್ಲಿ ಕಡತ ನಿಲ್ಲುವುದು ಈ ‘ಸಹಮತಿ’ಯ ಬಾಗಿಲಲ್ಲೇ.

ಅಧಿಕಾರವನ್ನು ಇಷ್ಟು ಸೂಕ್ಷ್ಮವಾಗಿ ಹಂಚುವ ಕಾಯ್ದೆ ಹಣದ ವಿಷಯದಲ್ಲಿ ಮಾತ್ರ ಮಿತಭಾಷಿ. ಹಣಕಾಸು ಸಮಿತಿ, ಲೆಕ್ಕಪರಿಶೋಧನೆಗಳ ವಿಧಿಗಳೇನೋ ಇವೆ. ಆದರೆ ಎಷ್ಟು ಅನುದಾನ, ಎಷ್ಟು ಬೋಧಕ ಹುದ್ದೆ ಎಂಬುದನ್ನು ತೀರ್ಮಾನಿಸುವುದು ಬಜೆಟ್ ಮತ್ತು ಆರ್ಥಿಕ ಇಲಾಖೆ. ಅದರ ಫಲವಾಗಿ ಹೊಸ ವಿಶ್ವವಿದ್ಯಾಲಯಗಳು ಹಳೆಯ ಸ್ನಾತಕೋತ್ತರ ಕೇಂದ್ರಗಳ ಕಟ್ಟಡಗಳಲ್ಲೇ, ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ಕೆಲಸ ಆರಂಭಿಸಿದವು. ಹತ್ತಿರದಲ್ಲೊಂದು ವಿಶ್ವವಿದ್ಯಾಲಯ ಬೇಕೆಂಬ ಜಿಲ್ಲೆಯ ಬೇಡಿಕೆ ನ್ಯಾಯವಾದುದೇ. ಅನುದಾನದ ಭರವಸೆಯಿಲ್ಲದೆ ಅದನ್ನು ಈಡೇರಿಸಿದ್ದು ದುಡುಕು. 2025ರಲ್ಲಿ ಇಂಥ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ಸಚಿವ ಸಂಪುಟದ ಉಪಸಮಿತಿಯವರೆಗೂ ಹೋಯಿತು. ಆದರೆ ಶಾಸನದಿಂದ ಹುಟ್ಟಿದ್ದನ್ನು ಮುಚ್ಚಲು ಸಂಪುಟದ ನಿರ್ಣಯವೊಂದೇ ಸಾಲದು, ಇನ್ನೊಂದು ತಿದ್ದುಪಡಿಯೇ ಬೇಕು. ಕಾಲೇಜುಗಳು ಯಾವ ವಿಶ್ವವಿದ್ಯಾಲಯಕ್ಕೆ ಮರಳಬೇಕು, ಈ ನಡುವೆ ಪ್ರವೇಶ ಪಡೆದ ವಿದ್ಯಾರ್ಥಿಗಳ ಅಂಕಪಟ್ಟಿಯ ಮೇಲೆ ಯಾರ ಹೆಸರಿರಬೇಕು ಎಂಬುದೂ ಅದರಲ್ಲೇ ಇತ್ಯರ್ಥವಾಗಬೇಕು.