ಸಹಾಯಕ್ಕೆ ತಂದ ಮೀನಿಗೆ ಬಾಣದ ಗುರಿ

ಮೀನು ಹಿಡಿಯಲು ಏನು ಬೇಕೆಂದು ಕೇಳಿದರೆ ನೀವು ಬಲೆ ಎನ್ನುತ್ತೀರಿ, ಇಲ್ಲವೇ ಗಾಳ ಎನ್ನುತ್ತೀರಿ. ಆದರೆ ಅಮೆರಿಕದ ಇಲಿನಾಯ್ ನದಿಯಲ್ಲಿ ಜನರು ಬಿಲ್ಲು ಬಾಣ ಹಿಡಿದು ದೋಣಿ ಹತ್ತುತ್ತಾರೆ!

ಪಿಯೋರಿಯಾ ನಗರದ ಸುತ್ತಮುತ್ತ ಇದಕ್ಕೆಂದೇ ಮಾರ್ಗದರ್ಶಕರಿದ್ದಾರೆ. ಹಣ ಕೊಟ್ಟವರನ್ನು ಅವರು ತಮ್ಮ ದೋಣಿಯಲ್ಲಿ ಕರೆದೊಯ್ದು, ಬಿಲ್ಲು ಹಿಡಿಯುವುದನ್ನೂ ಕಲಿಸುತ್ತಾರೆ. ಮೋಟಾರು ಸದ್ದು ಮಾಡಿದೊಡನೆ ಬೆಳ್ಳಿಗೆಂಡೆ ಮೀನುಗಳು ಬೆದರಿ ಹಿಂಡು ಹಿಂಡಾಗಿ ನೀರಿನಿಂದ ಚಿಮ್ಮುತ್ತವೆ. ಕೆಲವು ಹತ್ತು ಅಡಿಯವರೆಗೂ ಹಾರುತ್ತವೆ. ಬಾಣಕ್ಕೆ ಗಟ್ಟಿ ದಾರ ಕಟ್ಟಿರುತ್ತದೆ. ತಗುಲಿದ ಮೀನನ್ನು ಆ ದಾರದಿಂದಲೇ ಎಳೆದುಕೊಳ್ಳುತ್ತಾರೆ. ಮೀನು ನೀರೊಳಗಿದ್ದರೆ ಕಣ್ಣಿಗೆ ಕಾಣುವ ಜಾಗಕ್ಕಿಂತ ಕೆಳಗೆ ಗುರಿಯಿಡಬೇಕು. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದಿಲ್ಲವೇ? ಇದೂ ಹಾಗೆಯೇ.

ಗಾಳವೇಕೆ ಸಾಲದು? ಈ ಮೀನು ಎರೆಹುಳ ತಿನ್ನುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜಲಸಸ್ಯ, ಜಲಜೀವಿಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುತ್ತದೆ. ಹಾಗಾಗಿ ಗಾಳಕ್ಕೆ ಸಿಗುವುದು ಅಪರೂಪ.

ಇದು ಕೇಳಲು ಮೋಜಿನ ಆಟ. ಆದರೆ ಹಾರಿದ ಮೀನು ಮುಖಕ್ಕೆ ಬಡಿದು ಮೂಗು, ದವಡೆ ಮುರಿದುಕೊಂಡವರೂ ಇದ್ದಾರೆ. ಈ ಆಟದ ಹಿಂದೆ ಒಂದು ತಪ್ಪಿನ ಕಥೆಯೂ ಇದೆ.

ಅತಿಥಿ ಯಜಮಾನನಾದದ್ದು

ಬೆಳ್ಳಿಗೆಂಡೆಯ ತವರು ಚೀನಾದ ಕಡೆಯ ನದಿಗಳು. 1970ರ ದಶಕದಲ್ಲಿ ಅದನ್ನು ಅಮೆರಿಕದ ಅರ್ಕಾನ್ಸಾ ರಾಜ್ಯಕ್ಕೆ ತಂದರು. ಉದ್ದೇಶ ಒಳ್ಳೆಯದೇ ಆಗಿತ್ತು. ಮೀನು ಸಾಕುವ ಕೊಳಗಳ, ಕೊಳಚೆ ನೀರಿನ ಹೊಂಡಗಳ ಪಾಚಿಯನ್ನು ರಾಸಾಯನಿಕ ಸುರಿಯದೆ ಶುಚಿಗೊಳಿಸಬೇಕಿತ್ತು. ಆದರೆ ಕೊಳದ ಮೀನು ಕೊಳದಲ್ಲೇ ಉಳಿಯಲಿಲ್ಲ. ತಪ್ಪಿಸಿಕೊಂಡು ಮಿಸಿಸಿಪ್ಪಿ ನದಿ ಸೇರಿತು, ಅಲ್ಲಿಂದ ಇಲಿನಾಯ್ ನದಿಗೆ ಏರಿತು. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಸ್ಥಳೀಯ ಮೀನಿನ ಮರಿಗಳು ತಿನ್ನಬೇಕಾದ ಆಹಾರವನ್ನೂ ಅದೇ ಮುಗಿಸುತ್ತದೆ.

ಅದು ಮಹಾ ಸರೋವರಗಳನ್ನು ಸೇರಬಾರದೆಂದು ಶಿಕಾಗೊ ಸಮೀಪದ ಕಾಲುವೆಯಲ್ಲಿ 2002ರಿಂದ ನೀರಿಗೆ ವಿದ್ಯುತ್ ಹರಿಸಿ ತಡೆ ಒಡ್ಡಲಾಗಿದೆ. ನದಿಯ ಮೇಲ್ಭಾಗದಲ್ಲಿ ಸರಕಾರವೇ ಮೀನುಗಾರರಿಗೆ ಹಣ ಕೊಟ್ಟು ಪ್ರತಿ ವರ್ಷ ನೂರಾರು ಟನ್ ಮೀನು ಹಿಡಿಸುತ್ತದೆ. ಇಷ್ಟಾದರೂ ಅದರ ಸಂತಾನ ಮುಗಿದಿಲ್ಲ. ಇನ್ನು ಬಿಲ್ಲುಗಾರರ ಬಾಣಗಳಿಂದ ಎಷ್ಟಾದೀತು?

ಇನ್ನೊಂದು ವಿಷಯ ನಿಮ್ಮ ಮನಸ್ಸಿಗೂ ನೋವು ತಂದೀತು. ಹೀಗೆ ಹಿಡಿದ ಮೀನಿನಲ್ಲಿ ಬಹುಪಾಲು ಯಾರ ಊಟದ ತಟ್ಟೆಗೂ ಬರುವುದಿಲ್ಲ. ಮುಳ್ಳು ಹೆಚ್ಚೆಂದು ಅಲ್ಲಿನ ಜನ ಮೂಗು ಮುರಿಯುತ್ತಾರೆ. ಎಷ್ಟೋ ಮೀನು ಗೊಬ್ಬರವಾಗುತ್ತದೆ. ಜನ ತಿನ್ನಲೆಂದು 2022ರಲ್ಲಿ ಇಲಿನಾಯ್ ರಾಜ್ಯ ಅದಕ್ಕೆ 'ಕೋಪಿ' ಎಂಬ ಹೊಸ ಹೆಸರನ್ನೇ ಇಟ್ಟಿತು. ಮುಳ್ಳಿನ ಮೀನನ್ನೂ ಬಿಡಿಸಿ ಮಕ್ಕಳಿಗೆ ತಿನ್ನಿಸುವ, ತಟ್ಟೆಯಲ್ಲಿ ಒಂದಗುಳೂ ಉಳಿಯಬಾರದೆಂದು ಕಲಿತ ನಮಗೆ ಇದು ವಿಚಿತ್ರವೆನಿಸದೇ?

ನಮ್ಮಲ್ಲೂ ಉಂಟು

ಇದು ದೂರದೇಶದ ಸುದ್ದಿ ಎಂದು ಪುಟ ಮಗುಚಬೇಡಿ. ಬೆಳ್ಳಿಗೆಂಡೆ 1959ರಲ್ಲಿ ಜಪಾನಿನಿಂದ ಭಾರತಕ್ಕೂ ಬಂದಿದೆ. 1971ರಲ್ಲಿ ಹಿಮಾಚಲ ಪ್ರದೇಶದ ಗೋವಿಂದ ಸಾಗರ ಜಲಾಶಯಕ್ಕೆ ಆಕಸ್ಮಿಕವಾಗಿ ಸೇರಿದ ಅದು ಕ್ರಮೇಣ ಅಲ್ಲಿನ ಮುಖ್ಯ ಮೀನಾಯಿತು. ನಮ್ಮದೇ ಕಾಟ್ಲಾ ಮೀನು ಹಿಂದೆ ಸರಿಯಿತು. ಅಲ್ಲಿನ ಮೀನುಗಾರರ ಬಲೆ ತುಂಬಿತು, ನಿಜ. ಆದರೆ ನೀರಿನ ಮೂಲ ನಿವಾಸಿಗೆ ಜಾಗ ಕಡಿಮೆಯಾಯಿತು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಗಾಜಿನ ತೊಟ್ಟಿ ಇರಬಹುದು. ಮಕ್ಕಳು ಆಸೆಯಿಂದ ತಂದ ಬಣ್ಣದ ಮೀನು ದೊಡ್ಡದಾದಾಗ ಅಥವಾ ಮನೆ ಬದಲಿಸುವಾಗ, "ಪಾಪ, ಕೆರೆಗೆ ಬಿಟ್ಟು ಬಿಡೋಣ" ಎನಿಸುತ್ತದೆ. ಬಿಡಬೇಡಿ. ತೊಟ್ಟಿಯ ಗಾಜು ತಿಕ್ಕಲೆಂದು ತಂದ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಎಷ್ಟೋ ಕೆರೆ, ಹೊಳೆಗಳನ್ನು ಸೇರಿ ಬಲೆ ಹರಿಯುತ್ತಿದೆ. ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವವರಿಗೆ ಕೊಡಿ.

ಆ ಕಾರಣವನ್ನು ಮಕ್ಕಳಿಗೂ ತಿಳಿಸಿ ಹೇಳಿ. ಕೆರೆಗೆ ಒಂದು ಮೀನು ಬಿಡಲು ಒಂದು ನಿಮಿಷ ಸಾಕು. ಅದನ್ನು ಹಿಂದಕ್ಕೆ ಪಡೆಯಲು ಐವತ್ತು ವರ್ಷಗಳೂ ಸಾಲವೆಂಬುದಕ್ಕೆ ಇಲಿನಾಯ್ ನದಿಯೇ ಸಾಕ್ಷಿ.