ಕಾರು ಗಾಳಿ ಕುಡಿಯಲಿ, ನೀರಲ್ಲ!

ಕಳೆದ ಜುಲೈ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಲ್ಲಿ ಅಮ್ಮ. ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು, ಮೊಣಕಾಲುದ್ದವೂ ಇರಲಿಲ್ಲ. ಮುಂದಿದ್ದ ಕಾರು, ನನ್ನದೇ ಮಾಡೆಲ್, ಆರಾಮಾಗಿ ದಾಟಿತು. ನನ್ನದು ಅರ್ಧಕ್ಕೆ ಹೋಗಿ ನಿಂತೇಬಿಡ್ತು.

ಮತ್ತೆ ಸ್ಟಾರ್ಟ್ ಮಾಡೋಕೆ ಕೈ ಕೀ ಮೇಲೆ ಹೋಯ್ತು. ಹಿಂದಿದ್ದ ಜೀಪಿನ ಡ್ರೈವರ್ ಓಡಿಬಂದು, “ಬೇಡ ಮಾರಾಯ್ರೇ, ಎಂಜಿನ್ ನೀರು ಕುಡಿದಿದೆ. ಈಗ ಸೆಲ್ಫ್ ಹೊಡೆದ್ರೆ ಮುಗೀತು!” ಅಂದ್ರು. ಆ ಒಂದು ಮಾತು ನನ್ನ ಎಂಜಿನ್ ಉಳಿಸಿತು.

ಎರಡೂ ಕಾರಿಗಿದ್ದ ವ್ಯತ್ಯಾಸ ಒಂದೇ. ಪಿಕಪ್ ಚೆನ್ನಾಗಿರುತ್ತೆ, ಸೌಂಡೂ ಚೆನ್ನಾಗಿರುತ್ತೆ ಅಂತ ನಾನು ಹೊರಗಡೆಯಿಂದ ಹಾಕಿಸಿದ್ದ ಕೋಲ್ಡ್ ಏರ್ ಇನ್‌ಟೇಕ್.

ಎರಡು ಚಮಚ ಸಾಕು

ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಅದರಲ್ಲಿ ಆಮ್ಲಜನಕ ಹೆಚ್ಚು. ಬಾನೆಟ್ಟಿನೊಳಗಿನ ಬಿಸಿಗಾಳಿ ತಪ್ಪಿಸಲು ಈ ಇನ್‌ಟೇಕ್‌ಗಳ ಪೈಪನ್ನು ಕೆಳಗಿಳಿಸಿ, ಫಿಲ್ಟರನ್ನು ಬಂಪರ್ ಹಿಂದೆಯೋ ಚಕ್ರದ ಮಡ್‌ಗಾರ್ಡ್ ಒಳಗೋ ಕೂರಿಸ್ತಾರೆ. ಬೇಸಿಗೆಯಲ್ಲಿ ಅದು ಒಳ್ಳೆ ಜಾಗ. ಮಳೆಗಾಲದಲ್ಲಿ ನೀರು ಮೊದಲು ಮುಟ್ಟೋದೂ ಅದೇ ಜಾಗ.

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ 300 ಸಿಸಿ. ಕಂಪ್ರೆಷನ್ 10:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಸಿಸಿ. ಅಂದ್ರೆ ಎರಡು ದೊಡ್ಡ ಚಮಚದಷ್ಟು! ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಪಿಸ್ಟನ್ ಮೇಲೇರಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತೆ. ಇದೇ ಹೈಡ್ರೋಲಾಕ್. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಷನ್ ಇನ್ನೂ ಹೆಚ್ಚು, ಹಾಗಾಗಿ ಆ ಜಾಗ ಇನ್ನೂ ಕಡಿಮೆ.

ಕಂಪನಿ ಕೊಟ್ಟ ಏರ್‌ಬಾಕ್ಸ್ ನೋಡೋಕೆ ಬರೀ ಕಪ್ಪು ಪ್ಲಾಸ್ಟಿಕ್ ಡಬ್ಬ. ಆದರೆ ಸಾಮಾನ್ಯವಾಗಿ ಅದರ ಬಾಯಿ ಎತ್ತರದಲ್ಲಿರುತ್ತೆ, ನುಗ್ಗಿದ ಹನಿ ಇಳಿದುಹೋಗೋಕೆ ತಳದಲ್ಲಿ ತೂತಿರುತ್ತೆ. ನಾನು ಕಳಚಿ ಅಟ್ಟಕ್ಕೆಸೆದದ್ದು ಇದನ್ನೇ.

ಹಾಗಂತ ಪ್ರತಿ ಮಳೆಗೂ ಹೆದರಬೇಕಿಲ್ಲ. ಫಿಲ್ಟರ್ ಬಾನೆಟ್ಟಿನೊಳಗೆ ಎತ್ತರದಲ್ಲಿದ್ದರೆ ಸಾಧಾರಣ ಮಳೆಯ ತುಂತುರಿನಿಂದ ತೊಂದರೆಯಾಗೋದು ಅಪರೂಪ. ಅಪಾಯ ಇರೋದು ನಿಂತ ನೀರಲ್ಲಿ: ಘಾಟಿಯ ತಗ್ಗು, ಬೆಂಗಳೂರಿನ ಅಂಡರ್‌ಪಾಸ್. ಎದುರಿಂದ ಬರುವ ಬಸ್ಸು ಎಬ್ಬಿಸುವ ಅಲೆಯನ್ನೂ ಮರೀಬೇಡಿ.

ಹಿಮದ ಕಥೆಯೇ ಬೇರೆ

ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಚಳಿಗಾಲದಲ್ಲೂ ಮನಾಲಿಯಿಂದ ಸಿಸ್ಸುವಿಗೆ ಹೋಗೋದು ಸುಲಭವಾಗಿದೆ. ಅಲ್ಲಿ ಮುಂದಿನ ಗಾಡಿ ಎಬ್ಬಿಸುವ ಪುಡಿಹಿಮ ತೆರೆದ ಫಿಲ್ಟರಿಗೆ ನೇರವಾಗಿ ಅಂಟಿಕೊಳ್ಳುತ್ತೆ. ಕರಗಿ ಒದ್ದೆಯಾಗಿ, ರಾತ್ರಿ ಗಾಡಿ ನಿಲ್ಲಿಸಿದಾಗ ಗಟ್ಟಿ ಪದರವಾಗುತ್ತೆ. ಬೆಳಿಗ್ಗೆ ಎಂಜಿನ್ ಉಸಿರುಗಟ್ಟಿದ ಹಾಗೆ ಆಡುತ್ತೆ: ಪಿಕಪ್ ಇಲ್ಲ, ನಿಂತಲ್ಲೇ ಆಫ್. ಇಲ್ಲಿ ಎಂಜಿನ್ ಒಡೆಯೋ ಭಯ ಕಡಿಮೆ, ನಿರ್ಜನ ರಸ್ತೆಯಲ್ಲಿ ಸಿಕ್ಕಿಕೊಳ್ಳೋ ಭಯ ಹೆಚ್ಚು.

ಇನ್ನೊಂದು ಲೆಕ್ಕ ನೋಡಿ. 30 ಡಿಗ್ರಿಯ ಗಾಳಿಗಿಂತ 0 ಡಿಗ್ರಿಯ ಗಾಳಿ ಶೇ. 11ರಷ್ಟು ಸಾಂದ್ರ. ಪ್ರಕೃತಿಯೇ ತಣ್ಣನೆ ಗಾಳಿ ಪುಕ್ಕಟೆ ಕೊಡ್ತಿರುವಾಗ ಅದಕ್ಕಾಗಿ ಫಿಲ್ಟರನ್ನು ಕೆಳಗಿಳಿಸೋದೇಕೆ? ಡೆಟ್ರಾಯಿಟ್, ಮಿನಿಯಾಪೊಲಿಸ್ ಕಡೆ ಇರುವ ನಮ್ಮವರಿಗೆ ಉಪ್ಪಿನ ಕಾಟವೂ ಇದೆ. ರಸ್ತೆಗೆ ಸುರಿಯುವ ಉಪ್ಪು ಕೆಸರಿನ ಜತೆ ಸಿಡಿದು ಕ್ಲಾಂಪುಗಳಿಗೆ ತುಕ್ಕು ಹಿಡಿಸುತ್ತೆ. ಚಳಿಗಾಲಕ್ಕೆ ಹಳೆ ಡಬ್ಬವೇ ವಾಸಿ.

ಇಷ್ಟು ಮಾಡಿ

• ಫಿಲ್ಟರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಇವತ್ತೇ ಅಳೆಯಿರಿ. ನೀರಿನ ಆಳ ಗೊತ್ತಿಲ್ಲದಿದ್ದರೆ ವಾಪಸ್ ತಿರುಗಿ.

• ಫಿಲ್ಟರಿಗೆ ಹಾಕುವ ಬಟ್ಟೆಯ ಗವಸು ತುಂತುರು ತಡೆಯುತ್ತೆ, ಮುಳುಗಿದರೆ ಕಾಪಾಡಲ್ಲ.

• ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿಗೆ ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು. ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೇ ಎಣ್ಣೆ ಹಚ್ಚಿ.

• ನೀರಲ್ಲಿ ಗಾಡಿ ನಿಂತರೆ ಸ್ಟಾರ್ಟ್ ಮಾಡ್ಲೇಬೇಡಿ. ನೀರು ಏರುತ್ತಿದ್ದರೆ ಮೊದಲು ಎಲ್ಲರೂ ಇಳಿದು ಎತ್ತರದ ಜಾಗಕ್ಕೆ ಹೋಗಿ. ಗಾಡಿಯನ್ನು ಆಮೇಲೆ ಟೋ ಮಾಡಿಸಿ.

• ಸಾಧಾರಣ ಕಾಂಪ್ರಹೆನ್ಸಿವ್ ವಿಮೆ ಹೈಡ್ರೋಲಾಕ್ ಖರ್ಚನ್ನು ಬಹುಪಾಲು ಕೊಡೋದಿಲ್ಲ. ‘ಎಂಜಿನ್ ಪ್ರೊಟೆಕ್ಟ್’ ಆ್ಯಡ್-ಆನ್ ಇದೆಯಾ ನೋಡಿ. ಇನ್‌ಟೇಕ್ ಬದಲಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು.

ನನ್ನ ಕಾರನ್ನು ಮೂಡಿಗೆರೆಗೆ ಎಳೆದು ತಂದೆವು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಎಂಜಿನ್ ತಿರುಗಿಸಿದಾಗ ನೀರು ಕಾರಂಜಿಯಂತೆ ಚಿಮ್ಮಿತು. ನಿಧಾನವಾಗಿ ಹೋಗ್ತಿದ್ದರಿಂದ ರಾಡ್ ಬಾಗಿರಲಿಲ್ಲ. ಆಯಿಲ್ ಬದಲಿಸಿ, ಎರಡು ದಿನ ಲಾಡ್ಜಿನಲ್ಲಿ ಕಳೆದು ಊರಿಗೆ ಬಂದೆವು.

ದಾರಿಯಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಆ ಹಳೇ ಡಬ್ಬ ಬಿಸಾಕಿಲ್ಲ ತಾನೇ?”

ಬಿಸಾಕಿರಲಿಲ್ಲ. ಈಗ ಜೂನ್ ಬಂತೆಂದರೆ ಅದು ಅಟ್ಟದಿಂದಿಳಿದು ಕಾರು ಸೇರುತ್ತೆ.